ಎಲುಬಿನ ಆಪರೇಷನ್ ಆದ ಮೇಲೆ: ಗಾಯ, ಗುಳಿಗೆ ಮತ್ತು ನಮ್ಮ ಜವಾಬ್ದಾರಿ

(ಖಜೂರಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ನಾವು ವೈದ್ಯರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆದರೂ ಇಂದು ದವಾಖಾನೆಯ ವಿಷಯ ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣ ನಾವೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನಿಂದ ಬಿದ್ದು ಮೊಳಕಾಲಿನ ಕೆಳಗಿನ ಎಲುಬು ಮುರಿದುಕೊಂಡ. ಆಪರೇಷನ್ ಆಯಿತು, ಒಳಗೆ ರಾಡ್ ಹಾಕಿದರು, ಮನೆಗೆ ಕಳಿಸಿದರು. ಮೂರನೆಯ ವಾರ ಅವನ ತಂದೆ ನಮ್ಮ ಮನೆಗೆ ಬಂದರು. "ಸರ್ರ, ಹೊಲಿಗಿ ಕಡೀಂದ ಸ್ವಲ್ಪ ರಸಿಗಿ ಬರ್ಲಾಕತ್ತದ. ಮತ್ತ ದವಾಖಾನಿಗಿ ಹೋಗ್ಬೇಕೇನ್ರಿ?" ಎಂದು ಕೇಳಿದರು. ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ನಮಗೆ ಗೊತ್ತಿತ್ತು. "ಮೊದಲು ಕೊಟ್ಟ ಗುಳಿಗೆಯನ್ನೇ ಮೆಡಿಕಲ್ ಅಂಗಡಿಯಿಂದ ತಂದು ಇನ್ನೊಂದು ಐದು ದಿನ ಕೊಡಿ, ಮಾಯುತ್ತದೆ" ಎಂದೆವು. ಗುರುಗಳ ಮಾತು ಎಂದು ನಂಬಿ ಹೋದರು.

ರಸಿಗೆ ನಿಂತಿತು, ಮತ್ತೆ ಬಂತು. ಮತ್ತೆ ಗುಳಿಗೆ. ಹೀಗೆ ತಿಂಗಳು ಕಳೆಯಿತು. ಕೊನೆಗೆ ವೈದ್ಯರು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದಾಗ ಯಾವ ರೋಗಾಣು ಎಂಬುದೇ ತಿಳಿಯಲಿಲ್ಲ. ಅರ್ಧಂಬರ್ಧ ತಿಂದ ಗುಳಿಗೆ ರೋಗಾಣುವನ್ನು ಕೊಂದಿರಲಿಲ್ಲ, ಪರೀಕ್ಷೆಗೆ ಸಿಗದಂತೆ ಮಾಡಿತ್ತು ಅಷ್ಟೆ. ಎರಡನೆಯ ಆಪರೇಷನ್ ಮಾಡಿ ರಾಡ್ ತೆಗೆಯಬೇಕಾಯಿತು. ಹುಡುಗನ ಕಾಲು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಕಾಲೇಜಿನ ಒಂದು ವರ್ಷ ಮಾತ್ರ ಹೋಯಿತು. ಆ ವರ್ಷವನ್ನು ನಾವು ಅವನಿಗೆ ಮರಳಿ ಕೊಡಲಾರೆವು.

ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಗಾಯ ಕೆಡಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇರುವಂಥವೇ. ಸ್ಟೆಫಿಲೊಕಾಕಸ್ ಅವುಗಳಲ್ಲಿ ಮುಖ್ಯವಾದದ್ದು. ಲೋಹದ ರಾಡು, ಪ್ಲೇಟಿನ ಮೇಲೆ ಅವು ಕುಳಿತರೆ ಸುತ್ತಲೂ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ತೊಳೆಯದ ಕೊಡದ ಒಳಗೆ ಕೈಯಾಡಿಸಿದರೆ ಜಾರುವ ಲೋಳೆ ಸಿಗುತ್ತದಲ್ಲ, ಹಾಗೆ. ಆ ಲೋಳೆಯನ್ನು ದಾಟಿ ಔಷಧ ಒಳಗೆ ಹೋಗುವುದು ಕಷ್ಟ. ಆದ್ದರಿಂದ ಕೀವು ಬಂದ ಮೇಲೆ ಹೋರಾಡುವುದಕ್ಕಿಂತ ಬಾರದಂತೆ ತಡೆಯುವುದೇ ಮೇಲು.

ಈ ತಡೆಯುವ ಕೆಲಸದಲ್ಲಿ ಆ್ಯಂಟಿಬಯಾಟಿಕ್‌ಗೆ ಒಂದು ಗೊತ್ತಾದ ಹೊತ್ತಿದೆ. ಚರ್ಮ ಕೊಯ್ಯುವ ಮುಂಚೆ ಅದು ರಕ್ತದಲ್ಲಿ, ಮಾಂಸದಲ್ಲಿ ಸೇರಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಹೇಳುವುದು ಇದನ್ನೇ: ಅಗತ್ಯವಿರುವಲ್ಲಿ ಕೊಯ್ಯುವ ಮೊದಲಿನ 120 ನಿಮಿಷಗಳೊಳಗೆ ಔಷಧ ಕೊಡಬೇಕು, ಆಪರೇಷನ್ ಮುಗಿದ ಮೇಲೆ ಬರೀ ಮುಂಜಾಗ್ರತೆಗೆಂದು ಮುಂದುವರಿಸಬಾರದು. ಎಲುಬು ಚರ್ಮ ಹರಿದು ಹೊರಬಂದಿದ್ದರೆ ಅಥವಾ ಸೋಂಕು ಆಗಲೇ ಇದ್ದರೆ ಲೆಕ್ಕ ಬೇರೆ. ಆಗ ವೈದ್ಯರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಲೇಬೇಕು. ನಮ್ಮ ಮಾತು ಕೇಳಿ ಯಾರೂ ಗುಳಿಗೆ ನಿಲ್ಲಿಸಬೇಡಿ. ಸ್ವಂತ ಬುದ್ಧಿಯಿಂದ ಶುರುವನ್ನೂ ಮಾಡಬೇಡಿ.

ಮಕ್ಕಳೇ, ಒಂದು ಹಳೆಯ ಸಂಗತಿ ಕೇಳಿ. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ಆಸ್ಪತ್ರೆಗೆ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ತಂದರು. ಗಾಡಿಯ ಗಾಲಿ ಹರಿದು ಕಾಲಿನ ಎಲುಬು ಮುರಿದಿತ್ತು, ಚರ್ಮವೂ ಹರಿದಿತ್ತು. ಆ ಕಾಲದಲ್ಲಿ ಅಂಥ ಕಾಲನ್ನು ಎಷ್ಟೋ ಸಲ ಕತ್ತರಿಸಿಯೇ ಬಿಡುತ್ತಿದ್ದರು. ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯಿಂದ ಗಾಯ ಮುಚ್ಚಿದರು. ಆರು ವಾರಗಳಲ್ಲಿ ಎಲುಬು ಕೂಡಿತು. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಅದಕ್ಕೂ 63 ವರ್ಷ ಮೊದಲು ಆ ಹುಡುಗನ ಕಾಲು ಉಳಿಸಿದ್ದು ಸ್ವಚ್ಛತೆ. ಅದರ ಬೆಲೆ ಇಂದಿಗೂ ಕಡಿಮೆಯಾಗಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು?

ಆಪರೇಷನ್ನಿಗೆ ಮುಂಚೆ ರೋಗಿ ಸೋಪು ಹಚ್ಚಿ ಸ್ನಾನ ಮಾಡಲಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಸೇರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಬೀಡಿ, ಸಿಗರೇಟು ಬಿಡಲಿ. ಗಾಯ ಮಾಯುವುದನ್ನು ಅವು ತಡ ಮಾಡುತ್ತವೆ. ವಾರ್ಡಿಗೆ ಇಡೀ ಓಣಿಯೇ ಹೋಗಿ ಮಂಚದ ಮೇಲೆ ಕೂಡಬೇಡಿ. ರೋಗಿಯನ್ನು ನೋಡಿ ಬರುವುದು ಪುಣ್ಯದ ಕೆಲಸ. ಕೈ ತೊಳೆದು ಹೋಗಿ, ಬೇಗ ಎದ್ದು ಬನ್ನಿ.

ಪಟ್ಟಿ ಒದ್ದೆಯಾಗಬಾರದು. ವುಜೂ ಮಾಡುವಾಗ ಪಟ್ಟಿ ತೋಯಿಸಿಕೊಂಡು ಬಂದ ಹಿರಿಯರನ್ನು ನಾವು ನೋಡಿದ್ದೇವೆ. ನೀರು ತಾಗಬಾರದ ಗಾಯಕ್ಕೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ. ಇಮಾಮ್ ಸಾಹೇಬರನ್ನು ಕೇಳಿಕೊಳ್ಳಿ. ಅರಿಶಿನ, ಎಣ್ಣೆ, ಬೂದಿ ಹಚ್ಚಬೇಡಿ.

ಗಾಯ ಕೆಂಪಾದರೆ, ಬಿಸಿಯಾದರೆ, ಬಾತರೆ, ರಸಿಗೆ ಬಂದರೆ, ವಾಸನೆ ಬಂದರೆ, ಜ್ವರ ಬಂದರೆ, ಕಡಿಮೆಯಾಗುತ್ತಿದ್ದ ನೋವು ಹೆಚ್ಚಾದರೆ, ಆಪರೇಷನ್ ಮಾಡಿದ ವೈದ್ಯರ ಹತ್ತಿರವೇ ಅದೇ ದಿನ ಹೋಗಿ. ಡಿಸ್ಚಾರ್ಜ್ ಕಾರ್ಡು, ತಿಂದ ಗುಳಿಗೆಯ ಪಟ್ಟಿ ಜೊತೆಗಿರಲಿ. ರಾಡು, ಪ್ಲೇಟು ಹಾಕಿದವರು ಕನಿಷ್ಠ 90 ದಿನ ಎಚ್ಚರದಿಂದಿರಬೇಕು. ಸೋಂಕು ಅದಕ್ಕಿಂತ ತಡವಾಗಿಯೂ ಕಾಣಿಸಬಹುದು. ಗುಳಿಗೆಯ ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ಇಂಥ ಕೆಲವು ಪ್ರಬಲ ಔಷಧಗಳ ಮಾರಾಟವನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ.

ದಾನಿಗಳಲ್ಲಿ ಒಂದು ಬಿನ್ನಹ. ಆಪರೇಷನ್ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬಡವರು ಸೋಲುವುದು ಮರುಭೇಟಿಯ ಬಸ್ ಚಾರ್ಜಿಗೆ, ಆ ದಿನದ ಕೂಲಿಗೆ. ಆ ತಂದೆ ಅಂದು ನಮ್ಮನ್ನು ಕೇಳಿದ್ದೂ ಅದಕ್ಕೇ. ವೈದ್ಯಕೀಯ ನೆರವಿನಲ್ಲಿ ಒಂದು ಸಣ್ಣ ಪಾಲನ್ನು ಮರುಭೇಟಿಗೆಂದೇ ತೆಗೆದಿಟ್ಟರೆ ಎಷ್ಟೋ ಕಾಲು ಉಳಿದಾವು, ಎಷ್ಟೋ ಮಕ್ಕಳ ವರ್ಷ ಉಳಿದೀತು.

ವಿದ್ಯಾರ್ಥಿವೇತನ ಪಡೆಯುವ ಮಕ್ಕಳೇ, ನಿಮ್ಮಲ್ಲಿ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಓದುವವರಿಗೆ ನಮ್ಮ ಮಾತು ಇಷ್ಟೇ: ಊರಿನವರು ನಿಮ್ಮನ್ನು ಕೇಳುತ್ತಾರೆ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ "ದವಾಖಾನೆಗೆ ಹೋಗೋಣ ನಡೀರಿ, ನಾನೂ ಬರ್ತೀನಿ" ಎನ್ನಿ. ಅಂದು ನಾವು ಹಾಗೆ ಹೇಳಬೇಕಿತ್ತು.

ಎಲ್ಲರಿಗೂ ಅಲ್ಲಾಹನು ಆರೋಗ್ಯ ಕೊಡಲಿ. ಆಮೀನ್.