ಬೆಳೆದ ಮಗು ಮನೆಗೆ ಬಂದಾಗ

ಐದಾರು ವರ್ಷ ದಾಟಿದ ಮಗುವನ್ನು ದತ್ತು ತೆಗೆದುಕೊಂಡಾಗ ಮಗುವಿನ ಜೊತೆ ಅದರ ನೆನಪುಗಳೂ ಮನೆಗೆ ಬರುತ್ತವೆ. ಹಸುಳೆಗೆ ಹೆಸರಿಡುವವರು ತಂದೆತಾಯಿ. ಎಂಟು ವರ್ಷದ ಮಗುವಿಗೆ ಹೆಸರು ಆಗಲೇ ಇರುತ್ತದೆ. ಅದಕ್ಕೊಂದು ಮಾತು, ನಾಲಿಗೆಗೆ ಹತ್ತಿದ ರುಚಿ, ಬಾಲಮಂದಿರದ ಗೆಳೆಯರು, ಕೆಲವು ಭಯಗಳು ಇರುತ್ತವೆ; ಕೆಲವೊಮ್ಮೆ ಹೆತ್ತ ತಾಯಿಯ ಮುಖವೂ ನೆನಪಿರುತ್ತದೆ. ಆ ನೆನಪುಗಳನ್ನು ಅಳಿಸಲು ಹೋಗದೆ, ಅವುಗಳ ಪಕ್ಕದಲ್ಲೇ ಹೊಸ ನಂಬಿಕೆಯನ್ನು ಬೆಳೆಸುವುದು ಬೆಳೆದ ಮಗುವಿನ ದತ್ತಿನ ತಿರುಳು.

ತುಳುನಾಡಿಗೆ ದತ್ತು ಹೊಸದಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಹಾಗಾಗಿ ಕವಲಿನಲ್ಲಿ ಹೆಣ್ಣು ಸಂತತಿ ನಿಂತುಹೋದಾಗ ಹೆಣ್ಣನ್ನೇ ದತ್ತು ತರುತ್ತಿದ್ದರು. ಆದರೆ ಆ ದತ್ತಿನ ಗುರಿ ಕುಟುಂಬದ ಮುಂದುವರಿಕೆ. 1956ರ ಹಿಂದೂ ದತ್ತಕ ಕಾಯ್ದೆ ಗಂಡು, ಹೆಣ್ಣು ಇಬ್ಬರನ್ನೂ ದತ್ತು ಪಡೆಯುವ ಹಕ್ಕು ಕೊಟ್ಟಿತು. ಬಾಲನ್ಯಾಯ ಕಾಯ್ದೆ ಮಗುವಿನ ಹಿತವನ್ನು ಮೊದಲಿಗೆ ತಂದಿತು. ಈ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಶಬನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ದೇವಸ್ಥಾನ, ಚರ್ಚು, ಮಸೀದಿಗಳ ಜನ ಅಕ್ಕಪಕ್ಕದಲ್ಲೇ ಬಾಳುವ, ಉಡುಪಿ ಜಿಲ್ಲೆಯ ಉದ್ಯಾವರದಂಥ ಊರಿಗೆ ಇದು ದೊಡ್ಡ ಮಾತು.

ಬೆಳೆದ ಮಕ್ಕಳು ದತ್ತಿಗೆ ಬರುವ ದಾರಿಗಳು ಹಲವು. ಹೆತ್ತವರು ತೀರಿಹೋದ ಮಕ್ಕಳಿದ್ದಾರೆ, ಬಸ್ ನಿಲ್ದಾಣದಲ್ಲಿ ಸಿಕ್ಕವರಿದ್ದಾರೆ, ಸಾಕಲಾಗದೆ ಹೆತ್ತವರೇ ಒಪ್ಪಿಸಿದವರೂ ಇದ್ದಾರೆ. ಯಾರೋ ತೊರೆದುಹೋದ ಮಗುವಿನ ಹೆತ್ತವರನ್ನು ಮಕ್ಕಳ ಕಲ್ಯಾಣ ಸಮಿತಿ ಮೊದಲು ಹುಡುಕಿಸುತ್ತದೆ. ಹುಡುಕಾಟ ಫಲಿಸದಿದ್ದರೆ ಎರಡು ವರ್ಷದವರೆಗಿನ ಮಗುವನ್ನು 2 ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವನ್ನು 4 ತಿಂಗಳೊಳಗೆ ದತ್ತಿಗೆ ಮುಕ್ತವೆಂದು ಘೋಷಿಸಬೇಕೆಂಬುದು ನಿಯಮ. ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು 2 ತಿಂಗಳ ಕಾಲಾವಕಾಶವಿದೆ. ದತ್ತು ಬಯಸುವವರಲ್ಲಿ ಹೆಚ್ಚಿನವರು ಕೈಗೂಸನ್ನೇ ಕೇಳುವುದರಿಂದ ಏಳೆಂಟು ವರ್ಷದ ಮಕ್ಕಳು ಬಾಲಮಂದಿರಗಳಲ್ಲೇ ಕಾಯುತ್ತಾ ಉಳಿಯುತ್ತಾರೆ.

ಅರ್ಜಿ ಹಾಕಬೇಕಾದದ್ದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಜಾಲತಾಣದಲ್ಲಿ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಕುಟುಂಬವನ್ನು ಅರಿತು ವರದಿ ಕೊಡುತ್ತಾರೆ. 2022ರ ದತ್ತು ನಿಯಮಗಳಂತೆ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಂಪತಿಯ ಒಟ್ಟು ವಯಸ್ಸು 100 ಮೀರಬಾರದು. ಎಂಟು ದಾಟಿದ ಮಗುವಿಗೆ ಮಿತಿ 110. ಒಂಟಿಯಾಗಿ ದತ್ತು ಪಡೆಯುವವರಿಗೆ ಈ ಮಿತಿ ಕ್ರಮವಾಗಿ 50 ಮತ್ತು 55. ಒಂಟಿ ಪುರುಷರು ಹೆಣ್ಣುಮಗುವನ್ನು ಪಡೆಯುವಂತಿಲ್ಲ. ನಡುವಯಸ್ಸು ದಾಟಿ, ಇನ್ನು ತಡವಾಯಿತು ಎಂದುಕೊಂಡವರಿಗೂ ದೊಡ್ಡ ಮಗುವಿನ ಮಟ್ಟಿಗೆ ಬಾಗಿಲು ತೆರೆದಿದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾ ದಂಡಾಧಿಕಾರಿ; ಉಡುಪಿ ಜಿಲ್ಲೆಯವರಿಗೆ ಆ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಆದೇಶಕ್ಕೆ ಮುನ್ನ ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಇಷ್ಟವನ್ನೂ ಪರಿಗಣಿಸಬೇಕು. ದೊಡ್ಡ ಮಗುವಿನ ದತ್ತು ಎರಡೂ ಕಡೆಯವರು ಒಪ್ಪಿ ಕಟ್ಟುವ ನಂಟು.

ಮೊದಲ ದಿನಗಳಲ್ಲಿ ಭಾಷೆ ಮತ್ತು ಊಟ ಎಲ್ಲಕ್ಕಿಂತ ಮುಖ್ಯ. ಮಗು ಬೇರೆ ಜಿಲ್ಲೆಯಿಂದ ಬರಬಹುದು. ಉತ್ತರ ಕರ್ನಾಟಕದ ಕನ್ನಡದಲ್ಲಿ, ಜೋಳದ ರೊಟ್ಟಿಯಲ್ಲಿ ಬೆಳೆದ ಮಗುವಿಗೆ ತುಳುವೋ ಕೊಂಕಣಿಯೋ ಆಡುವ ಮನೆ, ಕುಚ್ಚಲಕ್ಕಿ ಗಂಜಿ, ಮೀನಿನ ಪದಾರ್ಥ ಎಲ್ಲವೂ ಅಪರಿಚಿತ. ದೊಡ್ಡವರು ತಮ್ಮೊಳಗೆ ತುಳುವಿನಲ್ಲಿ ಮಾತಾಡಿ ನಕ್ಕರೆ ತನ್ನನ್ನೇ ನೋಡಿ ನಕ್ಕರೆಂದು ಅದು ತಿಳಿಯುತ್ತದೆ. ಕೆಲವು ತಿಂಗಳು ಮಗುವಿನ ಮುಂದೆ ಅದಕ್ಕೆ ತಿಳಿಯುವ ಕನ್ನಡವನ್ನೇ ಆಡುವುದು, ವಾರಕ್ಕೆರಡು ಸಲವಾದರೂ ಅದರ ರುಚಿಯ ಅಡುಗೆ ಮಾಡುವುದು ಸಣ್ಣ ಕೆಲಸಗಳಲ್ಲ. ಕಡಲು, ಹೊಳೆ, ರಾಷ್ಟ್ರೀಯ ಹೆದ್ದಾರಿ 66 ಮೂರೂ ಇರುವ ಉದ್ಯಾವರದಂಥ ಊರಿನಲ್ಲಿ ಬಯಲುಸೀಮೆಯ ಮಗುವಿಗೆ ನೀರಿನ, ರಸ್ತೆಯ ಅಪಾಯಗಳನ್ನು ಹೊಸದಾಗಿ ಹೇಳಿಕೊಡಬೇಕು. ರಾತ್ರಿಯ ಭೂತಕೋಲಕ್ಕೆ ಕರೆದೊಯ್ಯುವ ಮುನ್ನ ಅಲ್ಲಿ ಏನು ನಡೆಯುತ್ತದೆಂದು ಹಗಲಲ್ಲೇ ಹೇಳಿದರೆ ಅದು ಬೆಚ್ಚುವುದಿಲ್ಲ.

ಹಲವು ಮಕ್ಕಳು ಮೊದಲ ಕೆಲವು ವಾರ ತುಂಬ ವಿಧೇಯರಾಗಿರುತ್ತಾರೆ. ಆಮೇಲೆ ಹಟ, ಸಿಟ್ಟು, ಸುಳ್ಳು, ಹಾಸಿಗೆ ಒದ್ದೆಮಾಡುವುದು ಶುರುವಾಗಬಹುದು. ದಿಂಬಿನ ಅಡಿಯಲ್ಲಿ ಬಿಸ್ಕತ್ತು ಬಚ್ಚಿಡುವ ಮಗು ಕಳ್ಳನಲ್ಲ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂದು ಅಂಜಿದ ಮಗು. ಹತ್ತು ವರ್ಷದವಳು ಪುಟ್ಟ ಮಗುವಿನಂತೆ ತುತ್ತು ಕೇಳಿದರೆ ತಪ್ಪಿಹೋದ ಬಾಲ್ಯವನ್ನು ಕೇಳುತ್ತಿದ್ದಾಳೆ. ಹಟದ ಹಿಂದೆ ಒಂದೇ ಪ್ರಶ್ನೆ ಇರುತ್ತದೆ: ನಾನು ಕೆಟ್ಟವನಾದರೂ ನನ್ನನ್ನು ಇಟ್ಟುಕೊಳ್ಳುತ್ತೀರಾ? ಹೊಡೆತಕ್ಕೂ ವಾಪಸ್ ಕಳಿಸುವ ಬೆದರಿಕೆಗೂ ಇಲ್ಲಿ ಜಾಗವಿಲ್ಲ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಕೊಟ್ಟ ಮಾತು ತಪ್ಪದಿರುವುದು, ಇವುಗಳಿಂದ ಉತ್ತರ ಸಿಗುತ್ತದೆ.

ಈ ಬದಲಾವಣೆಗೆ ವರ್ಷಗಳು ಬೇಕು. ರೊಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಬಂದ ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು 1990ರ ದಶಕದಿಂದ ಅಧ್ಯಯನ ಮಾಡಿದರು. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಕಳೆದವರಲ್ಲಿ ಹಲವರಿಗೆ ಗಮನ ಮತ್ತು ಒಡನಾಟದ ತೊಂದರೆಗಳು ಯೌವನದವರೆಗೂ ಉಳಿದವು. ಆದರೆ ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದಿದ್ದವರು ಯೌವನದ ಹೊತ್ತಿಗೆ ಬಹುಮಟ್ಟಿಗೆ ಚೇತರಿಸಿಕೊಂಡಿದ್ದರು. ಪ್ರೀತಿಯ ಜೊತೆ ತಜ್ಞರ ನೆರವೂ ಬೇಕಾಗಬಹುದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯರು, ಮಕ್ಕಳ ವೈದ್ಯರು ಉದ್ಯಾವರಕ್ಕೆ ದೂರವಿಲ್ಲ; ಅಲ್ಲಿಗೆ ಹೋಗುವುದು ಸೋಲಲ್ಲ. ದತ್ತಿನ ನಂತರ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ನಡೆಯುವ ಸಮಾಜ ಕಾರ್ಯಕರ್ತರ ಭೇಟಿಯೂ ಇಂಥ ಕಷ್ಟ ಹೇಳಿಕೊಳ್ಳಲೆಂದೇ ಇದೆ.

ಶಾಲೆಯಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಬೆನ್ನಿಗಿದೆ. ಶಾಲೆಗೇ ಹೋಗದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಹುಟ್ಟೂರಿನ ಬಗ್ಗೆ, ಹೆತ್ತವರ ಬಗ್ಗೆ ತರಗತಿಯ ಎದುರು ಕೇಳಬಾರದೆಂದು ಶಿಕ್ಷಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ನೆಂಟರು, ನೆರೆಯವರು ಮದುವೆ ಮನೆಯಲ್ಲಿ "ಇವನು ಯಾರ ಮಗ?" ಎಂದು ಕೇಳಿದಾಗ "ನಮ್ಮ ಮಗ" ಎಂಬ ಉತ್ತರ ತಂದೆತಾಯಿಯ ಬಾಯಿಂದ ತಡವಿಲ್ಲದೆ ಬರಬೇಕು. ಕಾನೂನೂ ಅದನ್ನೇ ಹೇಳುತ್ತದೆ: ದತ್ತು ಆದೇಶವಾದ ದಿನದಿಂದ ಆ ಮಗು ಎಲ್ಲ ವಿಷಯಗಳಲ್ಲೂ, ಆಸ್ತಿಯ ಹಕ್ಕಿನಲ್ಲೂ, ಆ ಮನೆಯ ಮಗು.

ಹಿಂದಿನ ಬದುಕಿನ ಬಗ್ಗೆ ಮಗು ಕೇಳಿದಷ್ಟನ್ನು, ಗೊತ್ತಿದ್ದಷ್ಟನ್ನು, ಹೆತ್ತವರನ್ನು ಹಳಿಯದೆ ಹೇಳಬೇಕು. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ತಾನೇ ಹುಡುಕುವ, ಅದಕ್ಕಿಂತ ಮೊದಲು ದತ್ತು ತಂದೆತಾಯಿಯ ಜೊತೆಗೂಡಿ ಹುಡುಕುವ ಅವಕಾಶವನ್ನು ನಿಯಮಗಳೇ ಕೊಟ್ಟಿವೆ. ಆ ಹುಡುಕಾಟ ಸಾಕಿದವರ ಮೇಲಿನ ಅಸಮಾಧಾನವಲ್ಲ. ಮನೆಯ ಮೇಲೆ ನಂಬಿಕೆ ಕುದುರಿದ ಮಗು ಮಾತ್ರ ಹೆದರದೆ ಅಂಥ ಪ್ರಶ್ನೆ ಕೇಳುತ್ತದೆ.