ಮಹಾವೀರಾಚಾರ್ಯರ ಅಂಕಿಯ ಕಂಠೀಹಾರ

(ಹಿರೇಕೊಡಿಗೆಯಲ್ಲಿ ಮಾಡಿದ ಭಾಷಣದ ಪಾಠ)



ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಮೂರು ಕಿಲೋಮೀಟರ್ ರಸ್ತೆ ದುರಸ್ತಿ. ಕಿಲೋಮೀಟರಿಗೆ 4 ಲಕ್ಷ ರೂಪಾಯಿ. ಒಟ್ಟು 12,00,000 ಎಂದು ಬರೆಯಬೇಕಾದ ವರದಿಯಲ್ಲಿ ಸೊನ್ನೆಯೊಂದು ಹೆಚ್ಚಾಗಿ 1,20,00,000 ಎಂದು ಅಚ್ಚಾಯಿತು. ‘ಉಳಿದ ದುಡ್ಡು ಎಲ್ಲಿ ಹೋಯಿತು?’ ಎಂದು ಊರಿನವರು ಗುತ್ತಿಗೆದಾರನನ್ನು ಅಡ್ಡಗಟ್ಟಿದರು. ತಪ್ಪು ಮಾಡಿದವನು ನಾನು, ಬೈಗುಳ ತಿಂದವರು ಅವರು.

ದೊಡ್ಡ ಸಂಖ್ಯೆ ಕಂಡರೆ ನಾವು ಅದನ್ನು ಓದುವುದಿಲ್ಲ, ಕಣ್ಣು ಹಾಯಿಸಿ ಮುಂದೆ ಹೋಗುತ್ತೇವೆ. ಹಾಗೆ ಹೋಗದೆ ಒಳಹೊಕ್ಕು ನೋಡಿದವರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯರು.

ಗುಣಾಕಾರದ ಪ್ರಕರಣದಲ್ಲಿ ಅವರು ಕೊಡುವ ಲೆಕ್ಕವೊಂದು ಹೀಗಿದೆ: 2,79,94,681ನ್ನು 441ರಿಂದ ಗುಣಿಸಿ. ಉತ್ತರ 12345654321. ಅಂದರೆ 1,234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ಹಾರ ಆದದ್ದು ಹೇಗೆ? 111111ನ್ನು 111111ರಿಂದಲೇ ಶಾಲೆಯ ಕ್ರಮದಲ್ಲಿ ಗುಣಿಸಿ ನೋಡಿ. ಒಂದರ ಕೆಳಗೊಂದು ಆರು ಸಾಲು. ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಅಂಚಿನ ಕಂಬದಲ್ಲಿ ಒಂದೇ ಒಂದು 1, ಅದರ ಪಕ್ಕದಲ್ಲಿ ಎರಡು, ನಡುವೆ ಆರು. ಕೂಡಿದರೆ ಅದೇ ಹಾರ. ದಶಕ ಹಿಡಿಯುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಹಾರ ನಿಲ್ಲುತ್ತದೆ. ಹತ್ತಾದರೆ ನಡುವಿನ ಕಂಬದಲ್ಲಿ ದಶಕ ಬಂದು ದಾರ ಕಡಿಯುತ್ತದೆ.

ಇನ್ನೂ ಒಳಗೆ ಹೋಗೋಣ. 111111 ಎಂದರೆ 3, 7, 11, 13, 37 — ಈ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಹಾಗಾಗಿ ಹಾರದಲ್ಲಿ ಪ್ರತಿಯೊಂದೂ ಜೋಡಿಮಣಿ. ಮೂರು ಮತ್ತು ಏಳರ ಜೋಡಿಗಳನ್ನು ತೆಗೆದರೆ 441. ಉಳಿದ ಮೂರು ಜೋಡಿಗಳಿಂದ 2,79,94,681. ಆಚಾರ್ಯರ ಲೆಕ್ಕದ ಗುಟ್ಟು ಇಷ್ಟೇ.

ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಕನ್ನಡ ಅನುವಾದ 2000ರಲ್ಲಿ ಪ್ರಕಟವಾದದ್ದು ನಮ್ಮ ಮಲೆನಾಡಿನದೇ ಆದ ಹೊಂಬುಜದಿಂದ.

ಇದರಿಂದ ನನಗೇನು ಪ್ರಯೋಜನ ಎನ್ನುತ್ತೀರಾ? ಎಂಟು ಅಂಕಿಯ ಸಂಖ್ಯೆಯನ್ನು ಮೂರು ಅಂಕಿಯದರಿಂದ ಗುಣಿಸಿದರೆ ಉತ್ತರದಲ್ಲಿ ಹತ್ತು ಇಲ್ಲವೇ ಹನ್ನೊಂದು ಅಂಕಿ ಇರಲೇಬೇಕು. ಅದೇ ನಿಯಮದಂತೆ 3ನ್ನು 4,00,000ದಿಂದ ಗುಣಿಸಿದರೆ ಆರು ಇಲ್ಲವೇ ಏಳು ಅಂಕಿ. ನಾನು ಬರೆದದ್ದು ಎಂಟು. ಒಮ್ಮೆ ಬೆರಳು ಮಡಿಚಿ ಎಣಿಸಿದ್ದರೆ ಒಬ್ಬರ ಮರ್ಯಾದೆ ಉಳಿಯುತ್ತಿತ್ತು. ಅಡಿಕೆ ಮಂಡಿಯ ಚೀಟಿಯಿರಲಿ, ಬ್ಯಾಂಕಿನ ಸಾಲದ ಪತ್ರವಿರಲಿ, ಸಹಿ ಹಾಕುವ ಮೊದಲು ನೀವೂ ಒಮ್ಮೆ ಎಣಿಸಿ ನೋಡಿ.