ಕೊನೆಯಿಲ್ಲದ ಪುಟವೂ ತರುಣರ ಕಾಲವೂ



ಗ್ರಂಥಕ್ಕೆ ಅಧ್ಯಾಯದ ಕೊನೆಯುಂಟು. ವೃತ್ತಪತ್ರಿಕೆಗೆ ಕಡೆಯ ಪುಟವುಂಟು. ನಾಟಕಕ್ಕೆ ತೆರೆ ಬೀಳುವ ಹೊತ್ತುಂಟು. ಕೊನೆ ಬಂದೊಡನೆ ಮನಸ್ಸು ಕ್ಷಣಕಾಲ ನಿಂತು, ‘ಇನ್ನೂ ಬೇಕೇ, ಇಷ್ಟು ಸಾಕೇ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು. ವಿವೇಕಕ್ಕೆ ದೊರೆಯುವ ಅವಕಾಶವು ಆ ಕ್ಷಣವೇ. ಇಂದಿನ ತರುಣರ ಕೈಯಲ್ಲಿರುವ ಮೊಬೈಲಿನ ಪುಟಕ್ಕಾದರೋ ಕೊನೆಯೆಂಬುದೇ ಇಲ್ಲ. ಬೆರಳಿನಿಂದ ಸರಿಸಿದಷ್ಟೂ ಹೊಸ ಚಿತ್ರಗಳು ಬರುತ್ತಲೇ ಇರುವುವು.

ಈ ಏರ್ಪಾಡು ತಾನಾಗಿ ಹುಟ್ಟಿದುದಲ್ಲ. ಪುಟಪುಟಕ್ಕೂ ಗುಂಡಿಯೊತ್ತುವ ಶ್ರಮವನ್ನು ಓದುಗರಿಗೆ ತಪ್ಪಿಸಲೆಂದು ಅಮೆರಿಕದ ಏಜಾ ರಾಸ್ಕಿನ್ ಎಂಬ ತಂತ್ರಜ್ಞನು 2006ರಲ್ಲಿ ಇದನ್ನು ಕಲ್ಪಿಸಿದನು. ಅದರ ಪರಿಣಾಮವನ್ನು ಕಂಡು ಆತನೇ ಬಳಿಕ ಬಹಿರಂಗವಾಗಿ ಖೇದಪಟ್ಟನು. ಜಾಲತಾಣಗಳು ನೋಡುವವರಿಂದ ಹಣ ಬೇಡದೆ ಜಾಹೀರಾತಿನಿಂದ ಬದುಕುವುವಾದ ಕಾರಣ, ನೋಡುವವರ ಕಾಲವೇ ಅವುಗಳ ಬಂಡವಾಳವು.

ಬೆರಳು ಏಕೆ ನಿಲ್ಲದು? ಫರ್ಸ್ಟರ್, ಸ್ಕಿನ್ನರ್ ಎಂಬ ಮನಃಶಾಸ್ತ್ರಜ್ಞರು 1957ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುವುವು. ಕೊಕ್ಕಿನಿಂದ ಕುಟ್ಟಿದಾಗ ಕಾಳು ಗೊತ್ತಾದ ಲೆಕ್ಕದಲ್ಲಿ ದೊರೆಯದೆ ಯಾವಾಗಲೋ ಒಮ್ಮೆ ದೊರೆತರೆ, ಪಾರಿವಾಳವು ಬಿಡದೆ ಕುಟ್ಟುತ್ತಿರುವುದು. ರೀಲ್ಸುಗಳ ಸಾಲಿನಲ್ಲಿಯೂ ಹಾಗೆಯೇ. ಅನೇಕವು ನೀರಸ, ಯಾವುದೋ ಒಂದು ಸೊಗಸು. ಆ ಸೊಗಸು ಯಾವಾಗ ಬರುವುದೆಂದು ತಿಳಿಯದಿರುವುದೇ ಕಟ್ಟಿಹಾಕುವ ಹಗ್ಗವು.

ಆದುದರಿಂದ ತರುಣನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ. ಆದರೆ ನಷ್ಟವು ಅವನದೇ. ಹತ್ತು ನಿಮಿಷಕ್ಕೆಂದು ಹಿಡಿದ ಮೊಬೈಲು ನಡುರಾತ್ರಿಯನ್ನು ನುಂಗುವುದು. ಬೆಳಗಿನ ಪಾಠದಲ್ಲಿ ಕಣ್ಣು ಮುಚ್ಚುವುದು. ಮನೆಯವರು ಹೊಟ್ಟೆಬಟ್ಟೆ ಕಟ್ಟಿ ತೆತ್ತ ಶುಲ್ಕವು ವ್ಯರ್ಥವಾಗುವುದು.

ಆಸ್ಟ್ರೇಲಿಯವು 2024ರಲ್ಲಿ ಶಾಸನ ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನು ನಿಷೇಧಿಸಿತು. ಆದರೆ 17ರ ತರುಣನನ್ನು ಆ ಶಾಸನವು ಕಾಯದು. ಅವನು ತನ್ನ ಎಲ್ಲೆಯನ್ನು ತಾನೇ ಹಾಕಿಕೊಳ್ಳತಕ್ಕದ್ದು.

ಬರಿಯ ಸಂಕಲ್ಪಬಲವನ್ನು ನಂಬಿದರೆ ಸಾಲದು. ಕಳೆದುಹೋದ ಕೊನೆಗಳನ್ನು ಮರಳಿ ಇಡಬೇಕು. ಮಲಗುವ ಕೋಣೆಗೆ ಮೊಬೈಲನ್ನು ಒಯ್ಯದೆ, ಏಳುವುದಕ್ಕೆ ಅಲಾರಂ ಗಡಿಯಾರವನ್ನು ಇಟ್ಟುಕೊಳ್ಳುವುದು ಮೊದಲನೆಯದು. ಕರೆಗಳ ಹೊರತು ಮಿಕ್ಕ ನೋಟಿಫಿಕೇಶನ್ನುಗಳನ್ನು ನಿಲ್ಲಿಸುವುದು ಎರಡನೆಯದು. 2018ರಿಂದ ಮೊಬೈಲುಗಳಲ್ಲಿಯೇ ಬಂದಿರುವ ಕಾಲಮಿತಿಯ ಸೌಕರ್ಯವನ್ನು ಬಳಸುವುದು ಮೂರನೆಯದು. ಅಷ್ಟರಿಂದಲೂ ಆಗದಿದ್ದರೆ ಆ ಆ್ಯಪನ್ನೇ ತೆಗೆದುಹಾಕಿ, ಬೇಕೆಂದಾಗ ಕಂಪ್ಯೂಟರಿನಲ್ಲಿ ನೋಡುವುದು. ಪ್ರತಿ ಸಲವೂ ತೆರೆಯುವ ಶ್ರಮವೇ ಒಂದು ಬಾಗಿಲಾಗುವುದು. ಹೀಗೆ ಉಳಿದ ಹೊತ್ತು ಬರಿದಾಗಿದ್ದರೆ ಹಳೆಯ ಚಟವೇ ಬಂದು ಕೂರುವುದು. ಆದುದರಿಂದ ಆಟ, ವಾಚನಾಲಯ, ಗೆಳೆಯರ ಒಡನಾಟಗಳಿಗೆ ಅದನ್ನು ಮೊದಲೇ ಗೊತ್ತುಮಾಡಬೇಕು.

ಇದರಿಂದಲೂ ಬಿಡುಗಡೆ ಕಾಣದವರು ನಾಚಬೇಕಾದುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥವರಿಗಾಗಿ ಚಿಕಿತ್ಸಾಲಯವನ್ನು ತೆರೆಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ದೊರೆಯುವುದು.

ಹಿರಿಯರ ಹೊಣೆಯೂ ಇಲ್ಲಿ ಸಣ್ಣದಲ್ಲ. ಊಟದ ಹೊತ್ತಿನಲ್ಲಿ ತಂದೆಯೇ ಮೊಬೈಲನ್ನು ನೋಡುತ್ತ ಕುಳಿತರೆ ಮಗನಿಗೆ ಹೇಳಿದ ಬುದ್ಧಿಮಾತು ನೀರಿನ ಮೇಲಿನ ಬರಹವಾಗುವುದು. ಪುಟವು ತಾನಾಗಿ ಮುಗಿಯಲಾರದು. ಮುಗಿಸುವ ಕೈ ನೋಡುವವನದೇ ಆಗಬೇಕು.